ಆಫೀಸ್ ಮಾತು ಎತ್ತಿದರೆ ಸಂಜೆ ಹಾಳಾಗುತ್ತದೆ. ಮನೆಯಲ್ಲಿ ಅದು ಬೇಡ, ಬರೀ ಸಂಗೀತ ಸಾಕು ಅಂತ ಗಂಡ-ಹೆಂಡತಿ ನಿಯಮ ಮಾಡಿಕೊಳ್ಳಬಹುದಾ? ಇಲ್ಲಾ ದಿನಕ್ಕೆ ಎಷ್ಟು ಹೊತ್ತು ಕೆಲಸದ ಮಾತು, ಎಷ್ಟು ಹೊತ್ತು ಸಂಗೀತ ಇರಬೇಕು?

ಮಾಡಿಕೊಳ್ಳಬೇಡಿ. ನಾವು ಮಾಡಿಕೊಂಡಿದ್ದೆವು. ಎರಡು ವರ್ಷ ತಪ್ಪದೆ ಪಾಲಿಸಿದೆವು ಕೂಡ.

ನಾನು ಶಕ್ತಿನಗರದ ರಾಯಚೂರು ಥರ್ಮಲ್ ಸ್ಥಾವರದಲ್ಲಿ ಕೆಲಸ ಮಾಡುತ್ತೇನೆ. 8 ಯೂನಿಟ್, ಒಟ್ಟು 1720 ಮೆಗಾವ್ಯಾಟ್. ಬಾಯ್ಲರ್ ಟ್ಯೂಬ್ ಸೋರಿದರೆ ಯೂನಿಟ್ ನಿಲ್ಲಿಸಬೇಕು, ಆಮೇಲೆ ಫೋನು, ವರದಿ, ವಿವರಣೆ. ಪಾಳಿ ಮುಗಿಸಿ ಬಂದರೂ ತಲೆಯಲ್ಲಿ ಅದೇ ಓಡುತ್ತಿರುತ್ತದೆ. ಹೆಂಡತಿ ಸರ್ಕಾರಿ ಹೈಸ್ಕೂಲ್ ಟೀಚರ್. ಜಗನ್ನಾಥದಾಸರ ಮಾನ್ವಿಯವಳು, ದಾಸರ ಪದ ಕೇಳುತ್ತಲೇ ಬೆಳೆದವಳು. ನಾನು ತಬಲಾ ಕಲಿತವನು. ಹೆಣ್ಣು ನೋಡಲು ಹೋದ ದಿನ ನಾವಿಬ್ಬರು ಮಾತಾಡಿದ್ದೇ ಸಿದ್ಧರಾಮ ಜಂಬಲದಿನ್ನಿ ಅವರ ವಚನ ಗಾಯನ, ನರಸಿಂಹಲು ವಡವಾಟಿ ಅವರ ಕ್ಲಾರಿಯೋನೆಟ್ ಬಗ್ಗೆ. ಅಷ್ಟು ಚೆನ್ನಾಗಿರುವ ಸಂಜೆಗಳನ್ನು ಬಾಯ್ಲರ್ ಮಾತಾಡಿ ಯಾಕೆ ಕೆಡಿಸಬೇಕು ಅಂತ ನಿಯಮ ತಂದವನು ನಾನೇ. ಅವಳು ಒಪ್ಪಿದಳು.

ಈಗ ಆ ಒಂದು ಸಂಜೆಯ ಬಗ್ಗೆ ಹೇಳಬೇಕು. ಅವತ್ತು ಮಾರ್ವಾ, ಪೂರಿಯಾ ಎರಡೂ ರಾಗಗಳನ್ನು ಹಿಡಿದು ಕೂತಿದ್ದೆವು. ಎರಡಕ್ಕೂ ಸ್ವರ ಅವೇ. ಕೋಮಲ ರಿಷಭ, ತೀವ್ರ ಮಧ್ಯಮ, ಪಂಚಮ ಇಲ್ಲ. ಮಾರ್ವಾದಲ್ಲಿ ರಿಷಭ-ಧೈವತದ ಮೇಲೆ ಒತ್ತು, ಪೂರಿಯಾದಲ್ಲಿ ಗಾಂಧಾರ-ನಿಷಾದದ ಮೇಲೆ. ಮಾರ್ವಾ ಹಾಡಿ ಮುಗಿಸಿದವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ರೀ, ನಿಮ್ಮ ಆಫೀಸಿಂದ ಒಂದು ಸರ್ಟಿಫಿಕೇಟ್ ಬೇಕಾಗಿತ್ರೀ" ಅಂದಳು. "ಆಫೀಸ್ ಮಾತು ನಾಳೆ, ಈಗ ಪೂರಿಯಾ ಹಾಡು" ಅಂದೆ. ಹಾಡಿದಳು.

ಅವಳ ಹೆಸರು ಹೆಚ್ಚುವರಿ ಶಿಕ್ಷಕರ ಪಟ್ಟಿಯಲ್ಲಿ, ಅಂದರೆ ಬೇರೆ ಶಾಲೆಗೆ ಕಳಿಸುವವರ ಪಟ್ಟಿಯಲ್ಲಿ, ಬಂದಿತ್ತು. ಆಕ್ಷೇಪಣೆಗೆ ಕೆಲವೇ ದಿನ ಇತ್ತು. ಪತಿ-ಪತ್ನಿ ಪ್ರಕರಣ, ಗಂಡ ಇರುವಲ್ಲೇ ಉಳಿಸಿ ಅಂತ ಕೇಳಿಕೊಳ್ಳಲು ನಾನು ಇಲ್ಲೇ ನೌಕರಿಯಲ್ಲಿದ್ದೇನೆ ಎಂಬ ಕಾಗದ ಬೇಕಿತ್ತು. ನಮ್ಮ ಆಫೀಸಿನಲ್ಲಿ ಅದು ಅರ್ಧ ದಿನದ ಕೆಲಸ. ಮರುದಿನದಿಂದ ನನಗೆ ರಾತ್ರಿ ಪಾಳಿ. ನಾನು ಕೇಳಲಿಲ್ಲ. ಅವಳೂ ಮತ್ತೆ ಎತ್ತಲಿಲ್ಲ. ಮತ್ತೊಮ್ಮೆ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದಿದ್ದೆ. ಆದರೆ ಎರಡು ವರ್ಷ ದಿನಾ ಮಾತು ನುಂಗಿದವರಿಗೆ ಯಾವ ಮಾತು ನುಂಗಬಾರದ್ದು ಅನ್ನೋದು ಹೇಗೆ ಗೊತ್ತಾಗಬೇಕು? ಅವಳ ಲೆಕ್ಕದಲ್ಲಿ ನನಗೆ ಪ್ಲಾಂಟಿನ ತಲೆಬಿಸಿ ಜಾಸ್ತಿ, ಇದೊಂದು ಯಾಕೆ ಮೇಲೆ ಹೇರುವುದು ಅಂತ. ಕಾಗದ ಕೊಟ್ಟಿದ್ದರೆ ಇಲ್ಲೇ ಉಳಿಯುತ್ತಿದ್ದಳು ಅಂತ ಖಾತ್ರಿಯಾಗಿ ಹೇಳಲಾರೆ. ಕೇಳಿಕೊಳ್ಳಲು ದಾರಿಯಾದರೂ ಇರುತ್ತಿತ್ತು. ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಗೆ ಹೋದಳು. ದಿನಾ ಓಡಾಡುವ ದೂರವಲ್ಲ. 3 ವರ್ಷ ಅಲ್ಲಿ ಬಾಡಿಗೆ ಕೋಣೆ, ಶನಿವಾರ ಬಸ್ಸು.

ಆಗ ಫೋನಿನಲ್ಲಿ ಹಾಡೆಲ್ಲಿಂದ ಬರಬೇಕು? ಶಾಲೆಯ ಮಾತೇ ಬಂತು. ಹತ್ತಿ ಬಿಡಿಸುವ ಕಾಲಕ್ಕೆ ತರಗತಿ ಅರ್ಧ ಖಾಲಿಯಾಗುವುದು, ಚೆನ್ನಾಗಿ ಓದುವ ಹುಡುಗಿಯ ಮನೆಗೆ ಹೋಗಿ ಅವಳಪ್ಪನನ್ನು ಒಪ್ಪಿಸಿ ಕರೆತಂದದ್ದು. ಇಷ್ಟು ವರ್ಷ ಇವಳು ಏನು ಮಾಡುತ್ತಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ. ನಾನೂ ನನ್ನದು ಹೇಳತೊಡಗಿದೆ. ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದಲ್ಲ, ಅದು 100 ಹರ್ಟ್ಸ್, ಕರೆಂಟಿನ 50ರ ಎರಡು ಪಟ್ಟು ಅಂತ ಒಂದು ದಿನ ಹೇಳಿದೆ. ಆ ಶನಿವಾರ ಬಂದವಳು ಕಾಲೊನಿಯ ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತು ಮೊಬೈಲಿನಲ್ಲಿ ತಂಬೂರಿ ಹಚ್ಚಿದಳು. ಬಿಳಿ ಐದು, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ, ಅವಳ ಷಡ್ಜ. ಟ್ರಾನ್ಸ್‌ಫಾರ್ಮರಿನ ಗುಂಯ್ ಕೂಡ ಅದೇ ಸ್ವರ, ಒಂದು ಸಪ್ತಕ ಕೆಳಗೆ, ಕೂದಲೆಳೆಯಷ್ಟು ಏರಿದ್ದು. "ಇದನ್ನ ಇಷ್ಟು ದಿನ ಯಾಕ ಹೇಳಿಲ್ರಿ?" ಅಂದಳು. ಅದು ಆಫೀಸ್ ಮಾತು ಅಂತ ಹೇಳಿರಲಿಲ್ಲ.

ಹಾಗಾಗಿ ದಿನಕ್ಕೆ ಎಷ್ಟು ಹೊತ್ತು ಕೆಲಸದ ಮಾತು, ಎಷ್ಟು ಹೊತ್ತು ಸಂಗೀತ ಅಂತ ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ. ಹಾಗೆ ಪಾಲು ಹಾಕುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ಸಂಜೆ ಹಾಳಾಗುತ್ತದೆ ಅಂದಿರಿ. ಆಗಲಿ, ಒಂದು ಸಂಜೆ ತಾನೇ.

ಅವಳೀಗ ವಾಪಸ್ ಬಂದಿದ್ದಾಳೆ, ದೇವಸೂಗೂರಿನ ಹತ್ತಿರವೇ ಶಾಲೆ. ನಿನ್ನೆ ಎಸ್‌ಎಸ್‌ಎಲ್‌ಸಿ ಮಕ್ಕಳ ಗಣಿತದ ಕಷ್ಟ ಹೇಳುತ್ತಾ ಹೇಳುತ್ತಾ ಕತ್ತಲಾಯಿತು. ತಬಲಾ ಗವಸು ಬಿಚ್ಚಲಿಲ್ಲ. ನೀವು ಇವತ್ತು ಮನೆಗೆ ಹೋದ ಮೇಲೆ ಹಾಡು ಹಚ್ಚುವ ಮೊದಲು, ಆಫೀಸಿನಲ್ಲಿ ಏನಾದರೂ ಕಾಗದಪತ್ರ ಬಾಕಿ ಇದೆಯಾ ಅಂತ ನಿಮ್ಮ ಸಂಗಾತಿಯನ್ನು ಕೇಳಿ.