ಅಪ್ಪನ ತಿಥಿ ಯಾವತ್ತು?

(ಆಪ್ತಸಲಹೆ ಪ್ರಕರಣ. ಗುರುತು ಸಿಗದಂತೆ ಊರು ಮತ್ತು ಮನೆಯ ವಿವರಗಳನ್ನು ಬದಲಿಸಿದೆ.)

ಸೋಮವಾರಪೇಟೆ ಕಡೆಯ ಕಾಫಿ ತೋಟದ ಲೈನ್ ಮನೆ, ಅಂದರೆ ಕೂಲಿಯವರ ಸಾಲುಮನೆ. ಜನವರಿ, ಕೊಯ್ಲಿನ ಕಾಲ, ಶನಿವಾರದ ಬಟವಾಡೆ ಮುಗಿದ ರಾತ್ರಿ. ತಂದೆ ಸತ್ತಿದ್ದಾನೆ. ಮೊದಲ ಪಿಯುಸಿ ಓದುವ ಮಗನ ಮೇಲೆ ಕೊಲೆ ಆರೋಪ. ತಾಯಿ ಮತ್ತು ಹನ್ನೊಂದು ವರ್ಷದ ತಂಗಿ ಆಗ ಮನೆಯಲ್ಲೇ ಇದ್ದರು. ಆ ರಾತ್ರಿ ಯಾರು ಏನು ಮಾಡಿದರೆಂದು ಇಲ್ಲಿ ಬರೆಯುವುದಿಲ್ಲ. ಅದನ್ನು ತೀರ್ಮಾನಿಸಬೇಕಾದದ್ದು ಹದಿನೆಂಟು ತುಂಬದವರ ಮೇಲಿನ ಆರೋಪಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿ.

ಐದನೇ ದಿನ ವೀಕ್ಷಣಾಲಯದಲ್ಲಿ (ವಿಚಾರಣೆ ನಡೆಯುವಾಗ ಇಂಥ ಮಕ್ಕಳನ್ನು ಇರಿಸುವ ಸರ್ಕಾರಿ ಗೃಹ) ಮೊದಲ ಭೇಟಿ, 40 ನಿಮಿಷ. ಹುಡುಗ ಬೆರಳ ಸಂದಿಯಲ್ಲಿ ಉಳಿದಿದ್ದ ಕಾಫಿ ಹಣ್ಣಿನ ಕರೆಯನ್ನು ಉಗುರಿನಿಂದ ಕೆರೆಯುತ್ತಲೇ ಕೂತಿದ್ದ. ಏಳುವ ಹೊತ್ತಿಗೆ ಒಂದೇ ಮಾತು ಕೇಳಿದ: "ಮೇಡಂ, ಅಪ್ಪನ ತಿಥಿ ಯಾವತ್ತು?"

ಇಂಥ ಪ್ರಕರಣಗಳಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಆರೋಪ ಹೊತ್ತ ಹುಡುಗ ಅಪ್ಪನನ್ನು ಕಳೆದುಕೊಂಡವನೂ ಹೌದು. ಅತ್ತರೆ "ಈಗ ಅತ್ತು ಏನು ಬಂತು" ಅನ್ನುತ್ತಾರೆ, ಅಳದಿದ್ದರೆ "ಕಲ್ಲು ಮನಸ್ಸು" ಅನ್ನುತ್ತಾರೆ. ಜುಲೈ ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆಯೊಳಗೆ ಹೆಗಲ ಮೇಲೆ ಕೂರಿಸಿಕೊಂಡು ಅಂಗನವಾಡಿಗೆ ಬಿಟ್ಟವನೂ ಅಪ್ಪ, ಬಟವಾಡೆಯ ರಾತ್ರಿ ಸೌದೆ ಎತ್ತಿಕೊಂಡು ಅಮ್ಮನ ಮೇಲೆ ಹೋಗುತ್ತಿದ್ದವನೂ ಅದೇ ಅಪ್ಪ. ಇನ್ನು ಹೊಡೆತವಿಲ್ಲ ಎಂಬ ನೆಮ್ಮದಿ, ಅಪ್ಪ ಇಲ್ಲ ಎಂಬ ಸಂಕಟ ಎರಡೂ ಒಟ್ಟಿಗೇ ಬರುತ್ತವೆ. ಎರಡೂ ಸಹಜ ಎಂದು ಹುಡುಗನಿಗೆ ಬಾಯಿಬಿಟ್ಟು ಹೇಳಬೇಕಾಯಿತು. ನೆಮ್ಮದಿಯಾದದ್ದನ್ನೇ ಅವನು ದೊಡ್ಡ ಪಾಪವೆಂದು ಎಣಿಸಿಕೊಂಡಿದ್ದ.

ಘಟನೆಯನ್ನು ಮತ್ತೆ ಹೇಳಿಸಲಿಲ್ಲ. ಪೊಲೀಸರು, ವಕೀಲರು, ನೆಂಟರು ಆಗಲೇ ಕೇಳಿದ್ದರು. ಹೇಳಿದಷ್ಟು ಸಲ ಮಗು ಆ ಕೋಣೆಗೇ ಮರಳುತ್ತದೆ, ಮಾತಿನಲ್ಲಿ ಸಣ್ಣ ವ್ಯತ್ಯಾಸ ಬಂದರೂ ಅದು ವಿಚಾರಣೆಯಲ್ಲಿ ತೊಡಕಾಗುತ್ತದೆ. "ನೀನು ಹೇಳಿದ್ದೆಲ್ಲ ಗುಟ್ಟು" ಎಂದು ಮಾತು ಕೊಡುವುದೂ ತಪ್ಪು, ಮಂಡಳಿ ವರದಿ ಕೇಳಬಹುದು. ಏನು ಬರೆದುಕೊಳ್ಳುತ್ತೇವೆ, ಅದನ್ನು ಯಾರು ಓದಬಹುದು ಎಂದು ಮೊದಲೇ ತಿಳಿಸಿದೆವು.

ಹೆಚ್ಚು ಹೊತ್ತು ಹಿಡಿದದ್ದು ತಾಯಿಯ ಜೊತೆ. ಅವರು ಸತ್ತವನ ಹೆಂಡತಿ, ಆರೋಪಿಯ ಅಮ್ಮ, ಕೇಸಿನ ಸಾಕ್ಷಿ, ಮೂರೂ ಹೌದು. "ನಾನೇ ಹೊಡೆದೆ ಅಂತ ಬರೆಸಿಬಿಡ್ತೀನಿ, ಅವನು ಓದ್ಲಿ" ಎಂದು ಹಟ ಹಿಡಿದಿದ್ದರು. ನೆಂಟರೂ ಅದನ್ನೇ ಹೇಳಿಕೊಟ್ಟಿದ್ದರು. ಸುಳ್ಳು ಹೇಳಿಕೆ ನಿಲ್ಲುವುದು ಕಷ್ಟ. ನಿಂತರೆ ತಂಗಿಗೆ ಅಮ್ಮನೂ ಇಲ್ಲದಂತಾಗುತ್ತದೆ, ಹುಡುಗ ಎರಡು ಭಾರ ಹೊರುತ್ತಾನೆ. ಹೇಳಿಕೆಗೆ ಮುಂಚೆ ವಕೀಲರನ್ನು ಕಾಣಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ಸಿಗುತ್ತಾರೆ, ದೂರವಾಣಿ 15100 ಎಂದೆವು.

ಕಾಗದಪತ್ರದಲ್ಲಿ ಮೊದಲು ನೋಡಬೇಕಾದದ್ದು ವಯಸ್ಸು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಯಲ್ಲಿ ಜೂನ್ 1 ಎಂದು ಬರೆದುಬಿಡುವುದುಂಟು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರಕಾರ ಹುಡುಗನಿಗೆ 16 ವರ್ಷ 7 ತಿಂಗಳು. ಮೆಣಸು ಕೊಯ್ಯುವಾಗ, ಫೆಬ್ರವರಿಯಲ್ಲಿ, ಹುಟ್ಟಿದ್ದು ಎಂಬ ತಾಯಿಯ ಲೆಕ್ಕ ಹಿಡಿದರೆ 15 ವರ್ಷ 11 ತಿಂಗಳು. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಘೋರ ಅಪರಾಧದ ಆರೋಪವಿದ್ದು, ಘಟನೆಯ ದಿನ 16 ತುಂಬಿದ್ದರೆ ಮಾತ್ರ 15ನೇ ಕಲಮಿನ ಪ್ರಾಥಮಿಕ ಮೌಲ್ಯಮಾಪನ, ಅಂದರೆ ಆ ಕೃತ್ಯ ಮಾಡುವ, ಅದರ ಪರಿಣಾಮ ತಿಳಿಯುವ ಸಾಮರ್ಥ್ಯ ಮಗುವಿಗಿತ್ತೇ ಎಂದು ಮಂಡಳಿ ನೋಡುವುದು. ಅದರ ನಂತರ ವಯಸ್ಕನಂತೆ ವಿಚಾರಣೆಗೆ ಹೋಗುವ ಸಾಧ್ಯತೆಯೂ ಇದೆ. 94ನೇ ಕಲಮು ಶಾಲೆಯ ದಾಖಲೆಗೇ ಮೊದಲ ಸ್ಥಾನ ಕೊಡುವುದರಿಂದ ತಾಯಿಯ ನೆನಪು ಸಾಲದು. ತಾಯಿ ಕಾರ್ಡ್, ಆಸ್ಪತ್ರೆಯ ಹೆರಿಗೆ ದಾಖಲೆ, ಪಂಚಾಯ್ತಿಯ ಜನನ ಪ್ರಮಾಣಪತ್ರ ಹುಡುಕಿ ಮೊದಲ ವಾರದಲ್ಲೇ ವಕೀಲರಿಗೆ ಕೊಡಲು ಹೇಳಿದೆವು.

ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಮಗುವಿನ ಮನೆ, ಓದು, ಹಿನ್ನೆಲೆ ವಿಚಾರಿಸಿ ಮಂಡಳಿಗೆ ಕೊಡುವ ಸಾಮಾಜಿಕ ತನಿಖಾ ವರದಿಗೆ ಇರುವುದು 15 ದಿನ. ಅದಕ್ಕೆ ಬೇಕಾದ ಪುರಾವೆ ಕಾಲೇಜಿನ ಹಾಜರಿ ಪುಸ್ತಕದಲ್ಲಿತ್ತು. ಹುಡುಗನ ಗೈರು ಬಹುಪಾಲು ಸೋಮವಾರ, ಅಂದರೆ ಶನಿವಾರದ ಬಟವಾಡೆ ರಾತ್ರಿ ಕಳೆದ ಮೇಲೆ. ತಾಯಿಯ ಮೂರು ಓಪಿ ಚೀಟಿಗಳೂ ಭಾನುವಾರದವು, ಮೂರರಲ್ಲೂ "ಜಾರಿ ಬಿದ್ದು" ಎಂದಿತ್ತು. ಲೈನಿನಲ್ಲಿ ಎರಡು ಸಲ ರಾಜಿ ಮಾಡಿಸಿದ್ದಕ್ಕೆ ಮಾತ್ರ ಒಂದು ಚೂರು ಕಾಗದವಿಲ್ಲ. ಆ ರಾಜಿಗಳ ಬದಲು ಯಾರಾದರೂ 181ಕ್ಕೋ (ಮಹಿಳಾ ಸಹಾಯವಾಣಿ) 1098ಕ್ಕೋ (ಮಕ್ಕಳ ಸಹಾಯವಾಣಿ) ಕರೆ ಮಾಡಿದ್ದರೆ ತಾಯಿಗೂ ಮಕ್ಕಳಿಗೂ ಮನೆಯಿಂದ ಹೊರಬರುವ ದಾರಿ ಸಿಗುತ್ತಿತ್ತು.

ತಂಗಿ ರಾತ್ರಿ ಎರಡಕ್ಕೆ ಎದ್ದು ಟಾರ್ಚ್ ಹಾಕಿ ಬಾಗಿಲ ಚಿಲಕ ನೋಡುತ್ತಿದ್ದಳು. ಅವಳನ್ನು ಅಜ್ಜಿ ಮನೆಗೆ ಕಳಿಸಿದೆವು, ಅವಳಿಗೆ ಬೇರೆಯೇ ಆಪ್ತಸಮಾಲೋಚಕಿ. ಅವಳೂ ಸಾಕ್ಷಿ, ಆದ್ದರಿಂದ ಯಾರೂ ಉತ್ತರ ಕಲಿಸಬಾರದು. ಅಣ್ಣನ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಮಗುವಿನ ಗುರುತು ಹೊರಗೆಡಹಿದರೆ 74ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದೆಂದು ತೋಟದ ಮೇಸ್ತ್ರಿಗೆ ತಿಳಿಸಿದ ಮೇಲೆ ಲೈನಿನವರು ಅಳಿಸಿದರು.

ಹುಡುಗನಿಗೆ "ಸಾಯಬೇಕು ಅನ್ನಿಸುತ್ತಾ?" ಎಂದು ನೇರವಾಗಿಯೇ ಕೇಳಿದೆವು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. "ರಾತ್ರಿ ಅನ್ನಿಸುತ್ತೆ" ಅಂದ. ಅಂದಿನಿಂದ ಒಬ್ಬನೇ ಮಲಗದಂತೆ ಏರ್ಪಾಡು ಮಾಡಿಸಿ, ಮನೋವೈದ್ಯರಿಗೆ ತೋರಿಸಿದೆವು.

ತಿಥಿಗೆ ಹುಡುಗ ಬರುವುದು ಬೇಡವೆಂದು ದೊಡ್ಡಪ್ಪ ಖಂಡಿತವಾಗಿ ಹೇಳಿದ್ದರು. ಅವರೂ ತಮ್ಮನನ್ನು ಕಳೆದುಕೊಂಡವರು, ವಾದಕ್ಕಿಳಿಯಲಿಲ್ಲ. ಹನ್ನೊಂದನೇ ದಿನ ಅಧೀಕ್ಷಕರ ಒಪ್ಪಿಗೆ ಪಡೆದು ವೀಕ್ಷಣಾಲಯದ ಹಿತ್ತಲಲ್ಲೇ ಹುಡುಗನಿಗೆ ಒಂದು ಚೊಂಬು ನೀರು, ಚಿಟಿಕೆ ಎಳ್ಳು ಕೊಡಿಸಿದೆವು. ದಕ್ಷಿಣಕ್ಕೆ ಮುಖ ಮಾಡಿ ಬಿಟ್ಟ. ಆಮೇಲೆ ಚೊಂಬನ್ನು ತೊಳೆದು, ಮತ್ತೆ ತೊಳೆದು, ಬಹಳ ಹೊತ್ತು ನಲ್ಲಿಯ ಹತ್ತಿರವೇ ನಿಂತಿದ್ದ.

ಈಗ ವಾರಕ್ಕೊಂದು ಭೇಟಿ. ಮಂಡಳಿಯ ದಿನಾಂಕದ ಹಿಂದಿನ ದಿನ ಮತ್ತು ಮರುದಿನ ಹೆಚ್ಚಿನ ಭೇಟಿ ಇದೆ, ಆ ಎರಡು ರಾತ್ರಿ ಅವನಿಗೆ ನಿದ್ದೆ ಬರುವುದಿಲ್ಲ.