2024ರ ಎನ್‌ಡಿಎ ಸಂಪುಟದಲ್ಲಿ ಮಿತ್ರಪಕ್ಷಗಳಿಗೆ ಸೀಟಿನ ಲೆಕ್ಕದಲ್ಲೇ ಪಾಲು ಸಿಕ್ಕಿತೇ?

ಇಲ್ಲ, ಸೀಟಿನ ಲೆಕ್ಕ ಒಂದು ಭಾಗ ಅಷ್ಟೆ.

2024ರ ಜೂನ್ 9ರಂದು ಪ್ರಧಾನಿ ಸೇರಿ 72 ಮಂದಿ ಪ್ರಮಾಣವಚನ ಸ್ವೀಕರಿಸಿದರು. ಅದರಲ್ಲಿ ಮಿತ್ರಪಕ್ಷದವರು 11, ಆ 11ರಲ್ಲಿ ಸಂಪುಟ ದರ್ಜೆಯವರು ಐದೇ ಜನ. 16 ಸಂಸದರ ಟಿಡಿಪಿಗೆ ನಾಗರಿಕ ವಿಮಾನಯಾನ ಸಿಕ್ಕಿತು. ಕೇವಲ ಇಬ್ಬರು ಸಂಸದರ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಅವರಿಗೆ ಬೃಹತ್ ಕೈಗಾರಿಕೆ ಮತ್ತು ಉಕ್ಕು ಖಾತೆ. ಒಬ್ಬರೇ ಸಂಸದರಿರುವ ಪಕ್ಷದ ಜೀತನ್ ರಾಮ್ ಮಾಂಝಿ ಅವರಿಗೂ ಸಂಪುಟ ದರ್ಜೆ. ಆದರೆ 7 ಸಂಸದರಿದ್ದ ಶಿಂಧೆ ಬಣದ ಶಿವಸೇನೆಗೆ ದಕ್ಕಿದ್ದು ಸಂಪುಟ ದರ್ಜೆಗಿಂತ ಕೆಳಗಿನ, ಸ್ವತಂತ್ರ ಹೊಣೆಯ ಒಂದು ರಾಜ್ಯ ಸಚಿವ ಸ್ಥಾನ ಮಾತ್ರ. ನಾಯಕರ ಹಿರಿತನ, ರಾಜ್ಯ, ಜಾತಿ ಸಮೀಕರಣ ಎಲ್ಲವೂ ಇಲ್ಲಿ ತೂಗುತ್ತವೆ.

ನನ್ನ ಪ್ರಕಾರ ತಲೆ ಎಣಿಸುವುದಕ್ಕಿಂತ ಖಾತೆ ನೋಡಬೇಕು. ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ ನಾಲ್ಕನ್ನೂ ಬಿಜೆಪಿ ತನ್ನಲ್ಲೇ ಉಳಿಸಿಕೊಂಡಿತು. ಬಹುಮತಕ್ಕೆ 272 ಬೇಕಿದ್ದಾಗ ಅದರ ಬಳಿ ಇದ್ದದ್ದು 240, ಆದರೂ! ವಾಜಪೇಯಿ ಕಾಲದಲ್ಲಿ ರಕ್ಷಣಾ ಖಾತೆಯೇ ಮಿತ್ರಪಕ್ಷದ ಜಾರ್ಜ್ ಫರ್ನಾಂಡಿಸ್ ಕೈಯಲ್ಲಿತ್ತು.

ಇನ್ನು ಗಾತ್ರಕ್ಕೆ ಮಿತಿಯಿದೆ: ಸಂವಿಧಾನಕ್ಕೆ 2003ರಲ್ಲಿ ತಂದ 91ನೇ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಲ ಲೋಕಸಭೆಯ ಒಟ್ಟು ಬಲದ ಶೇ 15ನ್ನು, ಅಂದರೆ 81ನ್ನು, ಮೀರುವಂತಿಲ್ಲ.