ಬೆಕ್ಕು ಪುಟ್ಟ ನಾಯಿಯಲ್ಲ

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ನಾಯಿ ಮತ್ತು ಒಂದು ಬೆಕ್ಕು ಇವೆ. ನಿನ್ನೆಯಿಂದ ಬೆಕ್ಕಿನ ಮೈ ಬಿಸಿಯಾಗಿದ್ದು, ಅದು ಮಂಕಾಗಿ ಮಲಗಿರುತ್ತದೆ. ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯ ಕಾಲು ಭಾಗವನ್ನು ಅದಕ್ಕೆ ಕೊಡಬಹುದೇ? ಉಣ್ಣಿ ಹತ್ತದಂತೆ ನಾಯಿಯ ಬೆನ್ನಿಗೆ ಹಾಕುವ ಔಷಧಿಯನ್ನು ಬೆಕ್ಕಿಗೂ ಹಾಕಬಹುದೇ?

ಉತ್ತರ: ದಯವಿಟ್ಟು ಎರಡನ್ನೂ ಬಳಸಬೇಡಿ, ಈಗಾಗಲೇ ಬಳಸಿದ್ದರೆ ಮುಂದೆ ಓದುವ ಮೊದಲು ಪಶುವೈದ್ಯರಿಗೆ ಕರೆ ಮಾಡಿ. ನಮ್ಮ ಯಕೃತ್ತು ಪ್ಯಾರಾಸಿಟಮಾಲನ್ನು ನಿರುಪದ್ರವಿಯಾಗಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ಆ ಕೆಲಸಕ್ಕೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ, ಅದೇ ಔಷಧಿ ಅದರ ದೇಹದಲ್ಲಿ ವಿಷವಾಗಿ ಮಾರ್ಪಟ್ಟು ಕೆಂಪು ರಕ್ತಕಣಗಳನ್ನು ಕೆಡಿಸುತ್ತದೆ ಮತ್ತು ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನು ರಕ್ತ ಕಳೆದುಕೊಳ್ಳುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು, ಕಾಲು ಭಾಗವೂ ಅಪಾಯಕಾರಿಯೇ. ವಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗುವುದು, ಮುಖ ಮತ್ತು ಪಾದಗಳು ಊದಿಕೊಳ್ಳುವುದು, ಏದುಸಿರು ಬರುವುದು ಇದರ ಲಕ್ಷಣಗಳು. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ, ಆದರೆ ಅದನ್ನು ಬೇಗ ಕೊಟ್ಟಷ್ಟೂ ಪ್ರಯೋಜನ ಹೆಚ್ಚು. ಇಂತಹ ಬೆಕ್ಕುಗಳನ್ನು ಎತ್ತಿಕೊಂಡು ಬರುವವರು ಅವುಗಳನ್ನು ಅಕ್ಕರೆಯಿಂದಲೇ ಸಾಕಿದವರು, ಹಾಗಾಗಿಯೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಲ್ಲದೆ ಬೆಕ್ಕು ಮತ್ತು ನಾಯಿಯ ಸಹಜ ತಾಪಮಾನ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ಆರೋಗ್ಯವಾಗಿರುವಾಗಲೂ ಅವುಗಳ ಮೈ ನಮ್ಮ ಕೈಗೆ ಬಿಸಿಯಾಗಿಯೇ ತೋರುತ್ತದೆ. ನಿಮ್ಮ ಬೆಕ್ಕು ಮಂಕಾಗಿರುವುದೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅದು ಒಂದು ದಿನಕ್ಕಿಂತ ಹೆಚ್ಚು ಏನನ್ನೂ ತಿನ್ನದಿದ್ದರೆ, ವಿಶೇಷವಾಗಿ ದಪ್ಪಗಿದ್ದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಗಂಭೀರ ಕಾಯಿಲೆ ಶುರುವಾಗಬಹುದು. ಆದ್ದರಿಂದ ಇಂದೇ ತೋರಿಸಿ.

ಇನ್ನು ಉಣ್ಣಿಯ ಔಷಧಿ. ನಾಯಿಗೆಂದು ಮಾರುವ ಹಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿನ ನರಗಳ ಮೇಲೆ ಪರಿಣಾಮ ಬೀರಿ ನಡುಕ ಮತ್ತು ಸೆಳವು ತರುತ್ತದೆ. ನಾಯಿಗೆ ಹಾಕಿದ ಬಳಿಕವೂ ಲೇಬಲ್‌ನಲ್ಲಿ ಸೂಚಿಸಿದಷ್ಟು ಹೊತ್ತು ಬೆಕ್ಕನ್ನು ಅದರ ಪಕ್ಕದಲ್ಲಿ ಮಲಗಲು ಬಿಡಬೇಡಿ.

ಪ್ರಶ್ನೆ: ನಮ್ಮ ಗಂಡು ಬೆಕ್ಕು ಬೆಳಗಿನಿಂದ ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ತಿಣುಕುತ್ತಿದೆ. ಮಲಬದ್ಧತೆ ಇರಬಹುದೇ?

ಉತ್ತರ: ಮೊದಲು ಮೂತ್ರ ಬರುತ್ತಿದೆಯೇ ಎಂದು ನೋಡಿ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದಾಗಿದ್ದು, ಹರಳು ಅಥವಾ ಲೋಳೆ ಸಿಕ್ಕಿಕೊಂಡರೆ ಪೂರ್ತಿ ಮುಚ್ಚಿಹೋಗುತ್ತದೆ. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಎರಡು ಮೂರು ದಿನಗಳಲ್ಲಿ ಸಾವು ಸಂಭವಿಸಬಹುದು. ಹನಿಹನಿಯಾಗಿ ಬರುತ್ತಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಹೊಟ್ಟೆಯನ್ನು ಒತ್ತಿ ನೋಡಬೇಡಿ, ತುಂಬಿದ ಮೂತ್ರಕೋಶ ಒಡೆಯುವ ಸಾಧ್ಯತೆ ಇದೆ.

ಪ್ರಶ್ನೆ: ನಾಯಿ ಚಾಕೊಲೇಟ್ ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದೇ?

ಉತ್ತರ: ಬೇಡ. ಅತಿಯಾದ ಉಪ್ಪು ಸ್ವತಃ ವಿಷವಾಗಿ ಮಿದುಳಿಗೆ ಹಾನಿ ಮಾಡುತ್ತದೆ. ಚಾಕೊಲೇಟ್‌ನಲ್ಲಿರುವ ಥಿಯೋಬ್ರೊಮಿನ್ ಎಂಬ ವಿಷಕಾರಿ ಅಂಶ ನಾಯಿಯ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ, ಮತ್ತು ಬಣ್ಣ ಗಾಢವಾದಷ್ಟೂ ಅದರ ಪ್ರಮಾಣ ಹೆಚ್ಚು. ಆದ್ದರಿಂದ ಉಳಿದ ಹೊದಿಕೆಯನ್ನು ಕೈಯಲ್ಲಿ ಹಿಡಿದುಕೊಂಡು, ನಾಯಿಯ ತೂಕ, ತಿಂದ ಪ್ರಮಾಣ ಮತ್ತು ಹೊತ್ತನ್ನು ವೈದ್ಯರಿಗೆ ಫೋನಿನಲ್ಲಿ ತಿಳಿಸಿ. ಹೊದಿಕೆಯ ಮೇಲೆ ಕ್ಸೈಲಿಟಾಲ್ ಎಂಬ ಸಿಹಿಕಾರಕದ ಹೆಸರಿದ್ದರೆ ಅದನ್ನೇ ಮೊದಲು ಹೇಳಿ. ಅದು ಅರ್ಧ ಗಂಟೆಯೊಳಗೇ ನಾಯಿಯ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು.